ಹರಕೆಯ ಟಗರನ್ನು ನೋವಾಗದಂತೆ ಕೊಯ್ದರೆ ತಪ್ಪು ಕಳೆಯುತ್ತದೆಯೇ?

ಸುರಪುರದ ಕಡೆಯವರು ನೀವು. ದೇವರಿಗೆ ಬಿಟ್ಟ ಟಗರನ್ನು ಕೊಯ್ಯುವುದು ತಪ್ಪೇ, ನೋವಾಗದಂತೆ ಕೊಯ್ದರೆ ಆ ತಪ್ಪು ಹೋಗುತ್ತದೆಯೇ ಎಂದು ಕೇಳಿದ್ದೀರಿ.

ಪೂರ್ತಿ ಹೋಗುವುದಿಲ್ಲ. ನೋವು ಎಷ್ಟೇ ತಗ್ಗಿಸಿದರೂ ಇನ್ನೂ ಬಾಳಬಹುದಾಗಿದ್ದ ಜೀವವೊಂದು ಹೋಗುತ್ತದೆ, ಅದಕ್ಕೆ ತಕ್ಕ ಕಾರಣ ಬೇಕು. ನಾಲ್ಕು ಮನೆಯವರು ಕೂತು ಉಣ್ಣುವ ಹರಕೆಗೆ ಊಟದ ಕಾರಣವಾದರೂ ಇದೆ. ಯಾದಗಿರಿ ಹತ್ತಿರದ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವುದಕ್ಕೆ ಅದೂ ಇಲ್ಲ. ಸಂಕ್ರಾಂತಿಗೆ ಜಿಲ್ಲಾಡಳಿತ ದಾರಿಯಲ್ಲೇ ತಡೆದು ಮರಿಗಳನ್ನು ವಶಕ್ಕೆ ಪಡೆಯುವುದು ಸರಿಯಾದ ಕೆಲಸ.

ಮನೆಯವರು ಕೊಯ್ಯುವುದೆಂದೇ ನಿರ್ಧರಿಸಿದ್ದರೆ, ಹೊಣೆಯನ್ನು ಚಾಕು ಹಿಡಿದವನ ಮೇಲೆ ಹಾಕಬೇಡಿ. ಹೆಚ್ಚಿನ ಹಿಂಸೆ ಚಾಕುವಿಗೆ ಮೊದಲೇ ಆಗಿರುತ್ತದೆ: ಸಂತೆಯಿಂದ ಕಾಲು ಕಟ್ಟಿ ಬೈಕಿನ ಮೇಲೆ ಅಡ್ಡ ಹಾಕಿ ತರುವುದು, ನಮ್ಮ ಬೇಸಿಗೆಯ ಬಿಸಿಲಲ್ಲಿ ನೀರಿಲ್ಲದೆ ಗೂಟಕ್ಕೆ ಬಿಗಿಯುವುದು. ಹಿಂದಿನ ದಿನವೇ ತಂದು ನೆರಳಿಗೆ ಕಟ್ಟಿ. 12 ತಾಸು ಮೊದಲು ಮೇವು ನಿಲ್ಲಿಸಿ, ನೀರು ಮಾತ್ರ ಕೊನೆಯವರೆಗೂ ಇರಲಿ. ಕುರಿ ಒಂಟಿಯಾದರೆ ಬೆದರುತ್ತದೆ, ಜೊತೆಗೊಂದು ಕುರಿ ಇರಲಿ. ಆದರೆ ಆ ಜೊತೆ ಕುರಿಯ ಕಣ್ಣೆದುರು ಕೊಯ್ಯಬೇಡಿ. 2001ರ ಕಸಾಯಿಖಾನೆ ನಿಯಮಗಳೂ ಇದನ್ನು ತಡೆಯುತ್ತವೆ. ಗಬ್ಬದ ಕುರಿ, 3 ತಿಂಗಳೊಳಗಿನ ಮರಿ ಕೊಯ್ಯುವುದನ್ನೂ.

ಚಾಕುವಿನ ಅಲಗು ಕುರಿಯ ಕತ್ತಿನ ಅಗಲದ ಎರಡರಷ್ಟು ಉದ್ದವಿರಬೇಕು, ನಸುವೂ ಮುಕ್ಕಾಗಿರಬಾರದು. ಮೊಂಡಾಗಿದ್ದರೆ ಗರಗಸದಂತೆ ಎಳೆದಾಡಬೇಕಾಗುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಕತ್ತಿನ ಉಣ್ಣೆ ಮೊದಲೇ ಕತ್ತರಿಸಿ. ದವಡೆಯ ಹಿಂದೆ ಒಂದೇ ಎಳೆತಕ್ಕೆ ಶ್ವಾಸನಾಳ ಮತ್ತು ಎರಡೂ ಬದಿಯ ರಕ್ತನಾಳ ತುಂಡಾಗಬೇಕು. ಹಾಗಾದರೆ ಸಾಮಾನ್ಯವಾಗಿ 20 ಸೆಕೆಂಡಿನೊಳಗೆ ಪ್ರಜ್ಞೆ ಹೋಗುತ್ತದೆ. ಒಂದೇ ಬದಿ ತುಂಡಾದರೆ ನಿಮಿಷ ಮೀರುವುದುಂಟು.

ಎಲ್ಲಕ್ಕಿಂತ ಕೆಟ್ಟದ್ದು, ಒದ್ದಾಟ ನಿಲ್ಲಲೆಂದು ತಕ್ಷಣ ಗೋಣು ಮುರಿಯುವುದು. ಬೆನ್ನುಹುರಿ ತುಂಡಾಗಿ ಮೈ ಸುಮ್ಮನಾಗುತ್ತದೆ, ತಲೆಯಲ್ಲಿ ಅರಿವು ಉಳಿದೇ ಇರಬಹುದು. ಕಣ್ಣಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕಬಾರದು, ಉಸಿರು ನಿಂತಿರಬೇಕು. ಅಲ್ಲಿಯವರೆಗೆ ಚರ್ಮಕ್ಕೆ ಕೈ ಹಚ್ಚಬೇಡಿ.

ಗುಡಿಯಲ್ಲಾಗಲಿ ಅದರ ಆವರಣದಲ್ಲಾಗಲಿ ಬಲಿ ಕೊಡುವುದನ್ನು ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯ್ದೆ ನಿಷೇಧಿಸಿದೆ. ಟಗರನ್ನು ದೇವರಿಗೆ ತೋರಿಸಿ ಮತ್ತೆ ಹಿಂಡಿಗೇ ಬಿಡಬಹುದೇ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಅವರು ಒಪ್ಪಿದರೆ ಮೇಯಿಸುವ ಕುರುಬರಿಗೆ ಮೇವು, ಔಷಧದ ಖರ್ಚು ಕೊಡುವುದನ್ನು ಮಾತ್ರ ಮರೆಯಬೇಡಿ.