ಚಳಿ ಊರಿನ ಚಿಕ್ಕ ಹಿತ್ತಲಿನಲ್ಲಿ ದೈತ್ಯ ಕುಂಬಳ: ಮೊದಲ ಹೂವನ್ನು ನಂಬಬೇಡಿ

ಹಿಮ ಬೀಳುವ ಊರು, ಹಿತ್ತಲು ಚಿಕ್ಕದು, ದೈತ್ಯ ಕುಂಬಳಕ್ಕೆ ಬೇಗ ಕಾಯಿ ಬಿಡುವ ತಳಿ ಯಾವುದು, ಗ್ರೀನ್‌ಹೌಸ್ ಕಟ್ಟಿಸಬೇಕಾ ಎಂದು ಕೇಳಿದ್ದೀರಿ. ಅಮೆರಿಕದ ಚಳಿ ರಾಜ್ಯ ಮಿನೆಸೋಟಾಕ್ಕೆ ಬಂದ ಹೊಸದರಲ್ಲಿ ನಾನೂ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಕೇಳುತ್ತಿದ್ದೆ. ಬೇಗ ಆಗಬೇಕು ಅನ್ನುವ ಆ ಆತುರವೇ ನನ್ನ ಮೊದಲ ದೊಡ್ಡ ಕಾಯಿಯನ್ನು ತಿಂದುಹಾಕಿತು.

ನಮ್ಮ ಶಿರಸಿ ಕಡೆ ಗೊಬ್ಬರಗುಂಡಿ ಬದಿಗೆ ಬೀಜ ಎಸೆದರೂ ಸಾಕು, ಕುಂಬಳದ ಬಳ್ಳಿ ತಾನಾಗಿ ಕೊಟ್ಟಿಗೆಯ ಮಾಡು ಹತ್ತುತ್ತದೆ. ಇಲ್ಲಿ ಮೇ ಮಧ್ಯದವರೆಗೂ ಫ್ರಾಸ್ಟ್, ಅಂದರೆ ಎಳೆ ಗಿಡವನ್ನೇ ಕೊಲ್ಲುವ ಹೆಪ್ಪುಗಟ್ಟುವ ಚಳಿಯ ಭಯ. ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಭಯ. ಹಾಗಾಗಿ ಜೂನ್‌ನಲ್ಲಿ ಮೊದಲ ಹೆಣ್ಣು ಹೂವು ಕಂಡ ಕೂಡಲೇ ನನಗೆ ಜೀವ ಬಂದ ಹಾಗಾಯಿತು. ಅದು ಬುಡದಿಂದ ನಾಲ್ಕೈದು ಅಡಿ ದೂರದಲ್ಲಿತ್ತು ಅಷ್ಟೇ. ಬೆಳಿಗ್ಗೆ ಗಂಡು ಹೂವು ಕಿತ್ತು ಪರಾಗ ಮುಟ್ಟಿಸಿದೆ, ಕಾಯಿ ಕಚ್ಚಿತು. ಆಮೇಲೆ ಮುಂದೆ ಬಂದ ಹೆಣ್ಣು ಹೂಗಳನ್ನೆಲ್ಲ ಕಿತ್ತೆಸೆದೆ.

ಇದು ಯಾಕೆ ತಪ್ಪು ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ಕಾಯಿ ದಪ್ಪವಾಗುವಾಗ ಅಗಲಕ್ಕೆ ಮಾತ್ರ ಬೆಳೆಯುವುದಿಲ್ಲ, ಎತ್ತರಕ್ಕೂ ಬೆಳೆಯುತ್ತದೆ. ಎತ್ತರವಾದಂತೆ ತೊಟ್ಟನ್ನು ಮೇಲಕ್ಕೆ ಎತ್ತುತ್ತದೆ. ತೊಟ್ಟು ಎದ್ದರೆ ಅದರ ಜೊತೆ ಬಳ್ಳಿಯೂ ಏಳಬೇಕು. ಆದರೆ ಬಳ್ಳಿ ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟು ನೆಲ ಹಿಡಿದಿರುತ್ತದೆ. ಬುಡದ ಹತ್ತಿರದ ಬಳ್ಳಿ ಎಲ್ಲಕ್ಕಿಂತ ಹಳೆಯದು, ದಪ್ಪ, ಬಾಗುವುದೇ ಇಲ್ಲ. ಜೊತೆಗೆ ಕಾಯಿಯ ಹೆಗಲು ತೊಟ್ಟಿನ ಎರಡೂ ಕಡೆ ಉಬ್ಬಿ ಬಳ್ಳಿಯನ್ನು ತಳ್ಳುತ್ತದೆ. ಬಳ್ಳಿ ಏಳುವ ಹಾಗಿಲ್ಲ, ಸರಿಯುವ ಹಾಗಿಲ್ಲ. ಕೊನೆಗೆ ಹರಿಯುವುದು ತೊಟ್ಟು. ನನ್ನದು ಆಗಸ್ಟ್‌ನಲ್ಲಿ, ಕಾಯಿ ಜೋರಾಗಿ ಊದುತ್ತಿದ್ದಾಗಲೇ ಹರಿಯಿತು. ಟೇಪ್ ಹಿಡಿದು ಮೂರು ಕಡೆ ಅಳೆದು ತೂಕ ಅಂದಾಜು ಮಾಡುವ ಲೆಕ್ಕವಿದೆ. ಅದರ ಪ್ರಕಾರ ಆಗಲೇ ನೂರು ಕೆಜಿ ದಾಟಿತ್ತು. ವಾರದೊಳಗೆ ತೊಟ್ಟಿನಿಂದ ಕೊಳೆ ಒಳಗಿಳಿಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಇನ್ನೂ ಒಂದು ನಷ್ಟವಿದೆ. ಕಾಯಿಗೆ ಊಟ ಹಾಕುವುದು ಎಲೆ. ಅಷ್ಟು ಬೇಗ ಕಾಯಿ ಕಚ್ಚಿಸಿದರೆ ಅದನ್ನು ಸಾಕುವಷ್ಟು ಎಲೆಯೇ ಇರುವುದಿಲ್ಲ. ಹತ್ತು ಹನ್ನೆರಡು ಅಡಿ ದೂರದ ಹೂವಿಗೆ ಕಾಯಬೇಕು. ಅದು ಜುಲೈ ಮೊದಲ ವಾರದಲ್ಲಿ ಅರಳಿದರೂ ತಡವಲ್ಲ. ಫ್ರಾಸ್ಟ್‌ಗೆ ಇನ್ನೂ ಎರಡೂವರೆ ತಿಂಗಳಿಗೂ ಜಾಸ್ತಿ ಇರುತ್ತದೆ, ದೊಡ್ಡ ಬೆಳವಣಿಗೆಯೆಲ್ಲ ಅದರೊಳಗೆ ಮುಗಿಯುತ್ತದೆ. ಪಳಗಿದ ಬೆಳೆಗಾರರ ಕಾಯಿ ಆ ದಿನಗಳಲ್ಲಿ ಒಂದೇ ದಿನಕ್ಕೆ 15 ಕೆಜಿಗೂ ಮೇಲೆ ತೂಕ ಏರುತ್ತದೆ.

ಆದ್ದರಿಂದ ಬೇಗ ಕಾಯಿ ಬಿಡುವ ತಳಿ ಹುಡುಕುವುದನ್ನು ಬಿಡಿ. ದೈತ್ಯ ಕುಂಬಳ ಚಳಿ ನಾಡಿನದೇ ಬೆಳೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ವಿಂಡ್ಸರ್ ಅಂತ ಊರಿದೆ. ಅಲ್ಲಿನ ರೈತ ಹೊವಾರ್ಡ್ ಡಿಲ್ ವರ್ಷಗಟ್ಟಲೆ ಬೀಜ ಆರಿಸಿ ಆರಿಸಿ ಅಟ್ಲಾಂಟಿಕ್ ಜೈಂಟ್ ತಳಿ ಮಾಡಿದರು. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್ ಅವರೇ. ಇವತ್ತಿನ ದೊಡ್ಡ ಕಾಯಿಗಳೆಲ್ಲ ಆ ವಂಶದವು. 2023ರಲ್ಲಿ 2,749 ಪೌಂಡ್, ಅಂದರೆ 1,247 ಕೆಜಿ ತೂಗಿ ವಿಶ್ವದಾಖಲೆ ಮಾಡಿದ ಟ್ರಾವಿಸ್ ಗಿಂಗರ್ ಅವರ ಕಾಯಿ ಬೆಳೆದದ್ದು ನಮ್ಮ ಮಿನೆಸೋಟಾದ ಅನೋಕಾದಲ್ಲೇ. ಚಳಿ ಅಡ್ಡಿಯಾಗಿದ್ದರೆ ಇದು ಆಗುತ್ತಿತ್ತಾ?

ಗ್ರೀನ್‌ಹೌಸ್ ಕೂಡ ಬೇಡ. ಜುಲೈ ಬಿಸಿಲಿಗೆ ಅದರೊಳಗೆ ಎಲೆ ಬಾಡುತ್ತದೆ, ಎಳೆ ಕಾಯಿ ಉದುರುತ್ತದೆ. ಆ ದುಡ್ಡನ್ನು ಕಾಂಪೋಸ್ಟ್‌ಗೆ ಹಾಕಿ. ಏಪ್ರಿಲ್ ಕೊನೆಗೆ ಮನೆಯೊಳಗೆ, ಬೆಚ್ಚಗಿನ ಜಾಗದಲ್ಲಿ ಬೀಜ ಹಾಕಿ. ನೆಡುವ ಜಾಗಕ್ಕೆ ಮೊದಲೇ ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಮಣ್ಣು ಬೇಗ ಬಿಸಿಯಾಗುತ್ತದೆ. ಮಣ್ಣು 18 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ನೆಡಿ. ಗಾಳಿ ಎಷ್ಟು ಬೆಚ್ಚಗಿದೆ ಎಂದು ನೋಡಿ ಮೋಸ ಹೋಗಬೇಡಿ. ಜೂನ್‌ವರೆಗೆ ಗಿಡದ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ಗುಡಾರ ಇದ್ದರೆ ಸಾಕು.

ಚಿಕ್ಕ ಹಿತ್ತಲಲ್ಲಿ ಒಂದೇ ಗಿಡ. ಎರಡನೆಯದನ್ನು ನೆಡಲೇಬೇಡಿ, ಎರಡೂ ಹಾಳಾಗುತ್ತವೆ. ಮೂಲೆಯಲ್ಲಿ ನೆಟ್ಟು ಮುಖ್ಯ ಬಳ್ಳಿಯನ್ನು ಉದ್ದಕ್ಕೆ ಹರಿಯಬಿಡಿ. ಪಕ್ಕದ ಬಳ್ಳಿಗಳು ಬೇಲಿ ಮುಟ್ಟಿದಾಗ ಕುಡಿ ಚಿವುಟಿ. ಔಷಧಿ ಹೊಡೆದಿಲ್ಲವಾದರೆ ಆ ಕುಡಿ ಪಲ್ಯಕ್ಕೆ ತುಂಬಾ ಚೆನ್ನ. ಬೇರೆ ಕಡೆ ಗೆಣ್ಣುಗಳಿಗೆ ಮಣ್ಣು ಮುಚ್ಚಿ, ಬೇರು ಬಿಡಲಿ. ಕಾಯಿಯ ಆಚೀಚೆ ಎರಡು ಮೂರು ಅಡಿ ಮಾತ್ರ ಗೆಣ್ಣಿನ ಬೇರನ್ನು ಕತ್ತರಿಸಿ ಬಳ್ಳಿಯನ್ನು ಸಡಿಲ ಬಿಡಿ. ಕಾಯಿ ಇನ್ನೂ ಚೆಂಡಿನಷ್ಟಿರುವಾಗಲೇ, ಮಧ್ಯಾಹ್ನದ ಬಿಸಿಲಿಗೆ ಬಳ್ಳಿ ಮೆತ್ತಗಾಗಿರುವ ಹೊತ್ತಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ತೊಟ್ಟು ಬಳ್ಳಿಗೆ ನೇರ ಅಡ್ಡಕ್ಕೆ ನಿಲ್ಲಬೇಕು. ಒಂದೇ ಸಲ ಎಳೆದರೆ ಮುರಿಯುತ್ತದೆ. ಕೆಳಗೆ ಮರಳು ಹಾಸಿ, ಮೇಲೆ ಬಿಳಿ ಬಟ್ಟೆ ಹೊದಿಸಿ. ಬಿಸಿಲಿಗೆ ಸಿಪ್ಪೆ ಗಟ್ಟಿಯಾದರೆ ಕಾಯಿ ಸೀಳುತ್ತದೆ. ಜೂನ್ ಕೊನೆಯಿಂದ ಕಾಂಡ ಕೊರೆಯುವ ಹುಳ ಬರುತ್ತದೆ, ಬುಡವನ್ನು ದಿನಾ ನೋಡಿ.

ಬೀಜಕ್ಕೆ ಹತ್ತಿರದ ಕುಂಬಳ ಬೆಳೆಗಾರರ ಸಂಘವನ್ನು ಕೇಳಿ. ಅಂಚೆ ಖರ್ಚು ಕಳಿಸಿದರೆ ಒಳ್ಳೆಯ ಬೀಜ ಕೊಡುವವರು ಇದ್ದಾರೆ. ನಿಮ್ಮ ಹಿತ್ತಲಿನ ಉದ್ದಗಲ ಎಷ್ಟು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ತಿಳಿಸಿ. ಗಿಡ ಯಾವ ಮೂಲೆಗೆ, ಬಳ್ಳಿ ಯಾವ ಕಡೆಗೆ ಎಂದು ಹೇಳುತ್ತೇನೆ.