ಕ್ರಿಯಾಟಿನಿನ್ 1.4 ಬಂದರೆ ನಿಶ್ಚಿಂತರಾಗಿರಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಬಹುಕಾಲದಿಂದ ಶಹಾಬಾದ್ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದಾರೆ. ಹತ್ತು ವರ್ಷದಿಂದ ಶುಗರ್ ಇದೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆಯನ್ನು ಹೆಚ್ಚುಕಡಿಮೆ ದಿನವೂ ನುಂಗುತ್ತಾರೆ. ಎರಡು ತಿಂಗಳಿಂದ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ಮೂತ್ರದಲ್ಲಿ ನೊರೆ ಕಾಣುತ್ತದೆ, ಸಂಜೆಗೆ ಪಾದಗಳು ಊದುತ್ತವೆ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) 1.4 ಬಂದಾಗ, ಪರೀಕ್ಷೆ ಮಾಡಿದವರು ‘ಗಡಿಯಲ್ಲಿದೆ, ನೀರು ಜಾಸ್ತಿ ಕುಡಿಯಲಿ’ ಎಂದರು. ಬೆನ್ನುನೋವೇ ಇಲ್ಲ, ಹಾಗಾಗಿ ಕಿಡ್ನಿ ತೊಂದರೆ ಇಲ್ಲ ಎಂಬುದು ತಂದೆಯವರ ವಾದ. ನಾವು ಕಾದು ನೋಡಬಹುದೇ?
– ಓದುಗರು, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಕಾಯಬೇಡಿ. ಹರಳು ಅಥವಾ ಸೋಂಕು ಇದ್ದರೆ ನೋವು ಬರುತ್ತದೆಯೇ ಹೊರತು, ಸಕ್ಕರೆ ರೋಗದಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡ ಕೆಡುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಊಟ ಸೇರದಿರುವುದು, ಮೈ ತುರಿಕೆ, ವಾಕರಿಕೆ, ರಕ್ತಹೀನತೆಯ ಸುಸ್ತು ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಬಹಳಷ್ಟು ಹಾನಿ ಆಗಿಹೋಗಿರುತ್ತದೆ.

ನೀವು ಬರೆದ ಲಕ್ಷಣಗಳಲ್ಲಿ ನೊರೆಯನ್ನು ಸರಿಯಾಗಿ ಗಮನಿಸಿ. ಮೂತ್ರ ರಭಸದಿಂದ ಬಿದ್ದಾಗ ಏಳುವ ದೊಡ್ಡ ಗುಳ್ಳೆಗಳು ಕ್ಷಣದಲ್ಲಿ ಒಡೆಯುತ್ತವೆ. ಪ್ರೋಟೀನ್ ಸೋರುತ್ತಿದ್ದರೆ ಸಾಬೂನು ನೀರಿನಂತಹ ಸಣ್ಣ ನೊರೆ ಎದ್ದು, ಒಂದು ಚೊಂಬು ನೀರು ಸುರಿದರೂ ಬೇಗ ಹೋಗುವುದಿಲ್ಲ. ಮೊಣಕಾಲ ಕೆಳಗೆ ಊತವಿರುವ ಕಡೆ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ತೆಗೆದಾಗ ಗುಳಿ ಉಳಿದರೆ ಅಲ್ಲಿ ನೀರು ತುಂಬಿದೆ ಎಂದರ್ಥ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಇದೆಯೇ ಎಂಬುದನ್ನೂ ನೋಡಿ. ಆದರೆ ಊತ ಹೃದಯ ಅಥವಾ ಯಕೃತ್ತಿನ ತೊಂದರೆಯಿಂದಲೂ ಬರಬಹುದು, ರಾತ್ರಿ ಏಳುವುದಕ್ಕೆ ಏರಿದ ಸಕ್ಕರೆಯೋ ಪ್ರಾಸ್ಟೇಟ್ ಗ್ರಂಥಿಯೋ ಕಾರಣವಾಗಿರಬಹುದು. ಆದ್ದರಿಂದ ಪರೀಕ್ಷೆಯೇ ನಿರ್ಧರಿಸಬೇಕು.

ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ಸಮಾಧಾನಪಡುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕುವ ‘ಇಜಿಎಫ್‌ಆರ್’ ಪ್ರಕಾರ ನಿಮ್ಮ ತಂದೆಯವರ 1.4 ಎಂದರೆ ಸುಮಾರು 58, ಅದೇ 1.4 ಇಪ್ಪತ್ತೈದರ ಯುವಕನಲ್ಲಿ 70 ದಾಟುತ್ತದೆ, 58 ವರ್ಷದ ಹೆಂಗಸಿನಲ್ಲಿ 44ರ ಆಸುಪಾಸಿಗೆ ಇಳಿಯುತ್ತದೆ. ಇದರೊಂದಿಗೆ ಮೂತ್ರದಲ್ಲಿ ಸೋರುವ ಪ್ರೋಟೀನನ್ನು ಅಳೆಯುವ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆಯನ್ನೂ ಮಾಡಿಸಿ. ಅದು 30ಕ್ಕಿಂತ (ಮಿ.ಗ್ರಾಂ/ಗ್ರಾಂ) ಹೆಚ್ಚಿದ್ದು, ಅಥವಾ ಇಜಿಎಫ್‌ಆರ್ 60ಕ್ಕಿಂತ ಕಡಿಮೆಯಿದ್ದು, ಮೂರು ತಿಂಗಳ ನಂತರವೂ ಹಾಗೆಯೇ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಜ್ವರ ಅಥವಾ ಮೂತ್ರದ ಸೋಂಕು ಇದ್ದಾಗ ಆಲ್ಬುಮಿನ್ ತಾತ್ಕಾಲಿಕವಾಗಿ ಏರುವುದರಿಂದ ಎರಡನೆಯ ಪರೀಕ್ಷೆ ಬೇಕು. ಆದರೆ ವೈದ್ಯರನ್ನು ಕಾಣಲು ಆ ಮೂರು ತಿಂಗಳು ಕಾಯಬೇಕಿಲ್ಲ.

ನನಗೆ ನೊರೆಗಿಂತ ಹೆಚ್ಚು ಕಳವಳ ತಂದದ್ದು ದಿನವೂ ನುಂಗುವ ಆ ಗುಳಿಗೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಕಲ್ಲಿನ ಖಣಿಯಲ್ಲಿ ಬೆವರಿ ಮೈಯ ನೀರು ಬತ್ತಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಂಗಡಿಯ ಗುಳಿಗೆಯನ್ನು ಇಂದೇ ನಿಲ್ಲಿಸಿ, ಅದರ ಖಾಲಿ ಸ್ಟ್ರಿಪ್ ಅನ್ನು ವೈದ್ಯರಿಗೆ ತೋರಿಸಿ. ಶುಗರ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬಿಸಿಲಲ್ಲಿ ದುಡಿಯುವವರು ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಲೇಬೇಕು, ಆದರೆ ಬಿಂದಿಗೆಗಟ್ಟಲೆ ಕುಡಿದರೆ ಕಿಡ್ನಿ ತೊಳೆದುಹೋಗುವುದಿಲ್ಲ; ಕಾಲು ಊದಿದವರಿಗೆ ಅದು ಭಾರವೂ ಆಗಬಹುದು. ಉಪ್ಪು ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ, ಉಪ್ಪಿನಕಾಯಿಯೂ ಆ ಲೆಕ್ಕದಲ್ಲಿಯೇ ಬರುತ್ತವೆ.

ಈ ಹಂತದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಗೆ ತಂದು, ಪ್ರೋಟೀನ್ ಸೋರುವುದನ್ನು ತಗ್ಗಿಸುವ ಮಾತ್ರೆಗಳನ್ನು ಕೊಟ್ಟರೆ ಕಾಯಿಲೆಯ ವೇಗವನ್ನು ಬಹಳಷ್ಟು ಕಡಿಮೆ ಮಾಡಬಹುದು. ಈ ನಡುವೆ ಮೂತ್ರ ಒಮ್ಮೆಲೇ ಕಡಿಮೆಯಾದರೆ, ಮಲಗಿದಾಗ ಉಸಿರುಕಟ್ಟಿದರೆ, ಅಥವಾ ಮಂಪರು ಕವಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.