‘ಹೆಂಗೂ ಮನ್ಯಾಗ ಇರ್ತೀಯಲ್ಲ’

ಪ್ರಶ್ನೆ: ಗದಗ ಕಡೆಯವಳು, ಪುಣೆಯ ಕೋಥರೂಡದಲ್ಲಿದ್ದೇನೆ. ಕಾರ್ಖಾನೆ ಚಿಮಣಿಯ ಹೊಗೆ ಸುತ್ತಲಿನ ಊರುಗಳ ಮೇಲೆ ಎಷ್ಟು ಇಳಿಯುತ್ತದೆಂದು ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿಕೊಡುವ ಸ್ವತಂತ್ರ ಕನ್ಸಲ್ಟೆಂಟ್. ದಿನಕ್ಕೆ 6,000 ರೂಪಾಯಿ. ಜೂನ್ ಕೊನೆಗೆ ಪ್ರಾಜೆಕ್ಟ್ ಮುಗಿಯಿತು, ಮುಂದಿನದು ಬಂದಿಲ್ಲ. ‘ಹೆಂಗೂ ಮನ್ಯಾಗ ಇರ್ತೀಯಲ್ಲ’ ಎಂದು ಅತ್ತೆ ಬ್ಯಾಂಕು, ಗ್ಯಾಸು, ಬಂದವರ ಊಟ ಎಲ್ಲ ನನಗೇ ಹೇಳುತ್ತಾರೆ. ಹಳೆಯ ಕ್ಲೈಂಟ್ ವಾರಕ್ಕೆರಡು ಸಲ ಫೋನ್ ಮಾಡಿ ‘ಎರಡು ನಿಮಿಷದ ಕೆಲಸ’ ಅಂತ ಪುಕ್ಕಟೆ ಮಾಡಿಸಿಕೊಳ್ಳುತ್ತಾರೆ. ಹಿಂಜವಡಿಯ ಕಂಪನಿಯೊಂದು ಕಾಯಂ ನೌಕರಿಗೆ ಕರೆದಿದೆ. ಸೇರಿಬಿಡಲೇ?

ಉತ್ತರ: ಮೊದಲು ಕ್ಯಾಲೆಂಡರ್ ತೆಗೆಯಿರಿ. ಜೂನ್ ಕೊನೆಗೆ ಕೆಲಸ ನಿಂತದ್ದಕ್ಕೆ ಬಹುಮಟ್ಟಿಗೆ ಮಳೆಯೇ ಕಾರಣ. ಪರಿಸರ ಪರಿಣಾಮ ವರದಿಗೆ ಬೇಕಾದ ಗಾಳಿಯ ಅಳತೆಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತು, ಅಂದರೆ ಮೂರು ತಿಂಗಳು, ವಾರಕ್ಕೆರಡು ದಿನ ತೆಗೆಯುತ್ತಾರೆ. ಮಳೆಯಲ್ಲಿ ದೂಳು ತೊಳೆದುಹೋಗಿ ಗಾಳಿ ಇರುವುದಕ್ಕಿಂತ ಚೊಕ್ಕಟ ಕಾಣುತ್ತದಲ್ಲ. ಆ ಅಂಕಿಗಳು ಕೈಗೆ ಬಂದ ಮೇಲೇ ನಿಮ್ಮ ಪಾಳಿ. ಹಳೆಯ ಮೂರು ವರ್ಷದ ಬಿಲ್ಲುಗಳನ್ನು ತಿಂಗಳವಾರು ಬರೆದು ನೋಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಡಕಲಾಗಿಯೇ ಇದ್ದರೆ, ಈ ಬಿಡುವು ನಿಮ್ಮ ವೃತ್ತಿಯ ಭಾಗ ಎಂದಾಯಿತು. ಹಾಗಿದ್ದರೆ ಅದರ ಖರ್ಚು ನಿಮ್ಮ ದರದಲ್ಲೇ ಇರಬೇಕು.

ಈಗ ಇಲ್ಲ. 365 ದಿನದಲ್ಲಿ ಶನಿವಾರ ಭಾನುವಾರ 104, ಹಬ್ಬ 12, ಕಾಯಿಲೆ ಮತ್ತು ಊರಿಗೆ ಹೋಗುವುದು 15 ಕಳೆದರೆ ಉಳಿಯುವುದು 234. ಅದರಲ್ಲಿ ಬಿಲ್ ಆಗುವುದು ನೂರಕ್ಕೆ 60 ಎಂದರೆ 140 ದಿನ. ಮನೆಗೆ ನಿಮ್ಮ ಪಾಲು ತಿಂಗಳಿಗೆ 1 ಲಕ್ಷ, ಲ್ಯಾಪ್‌ಟಾಪು, ವಿಮೆ, ಸಿಎ ಫೀಸು ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ಎಂದಿಟ್ಟುಕೊಂಡರೆ ಬೇಕಾದದ್ದು 14 ಲಕ್ಷ. ಅದನ್ನು 234ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಮ್ಮ 6,000. ಭಾಗಿಸಬೇಕಾದದ್ದು 140ರಿಂದ: ದಿನಕ್ಕೆ 10,000, ತೆರಿಗೆ ಬೇರೆ. ನಿಮ್ಮ ಮನೆಯ ನಿಜವಾದ ಅಂಕಿ ಹಾಕಿ ಮತ್ತೊಮ್ಮೆ ಮಾಡಿ. ಹಳೆಯ ಗಿರಾಕಿಗೆ ಒಂದೇ ಸಲಕ್ಕೆ ಇಷ್ಟು ಏರಿಸಲಾಗದು ನಿಜ. ಹೊಸಬರಿಗಂತೂ ಹೊಸ ದರವನ್ನೇ ಹೇಳಿ.

ಇನ್ನು ಆ ‘ಎರಡು ನಿಮಿಷ’. ಚಿಮಣಿಯನ್ನು 30 ಮೀಟರ್ ಬದಲು 33 ಮಾಡಿ ನೋಡಿ ಅನ್ನುತ್ತಾರೆ. ಎತ್ತರ ಬದಲಾದರೆ ಪಕ್ಕದ ಕಟ್ಟಡಗಳು ಹೊಗೆಯನ್ನು ಕೆಳಕ್ಕೆಳೆಯುವ ಲೆಕ್ಕ ಮೊದಲಿನಿಂದ ಆಗಬೇಕು, ಆಮೇಲೆ ಹೊಗೆ ಎಲ್ಲಿ ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕುವ ಏರ್‌ಮಾಡ್ ಸಾಫ್ಟ್‌ವೇರ್ ಓಡಿಸಬೇಕು, ನಕ್ಷೆ ಹೊಸದಾಗಿ ತೆಗೆಯಬೇಕು. ಫೋನಿನಲ್ಲಿ ಅವರು ಹೇಳುವ ಹೊಗೆಯ ಪ್ರಮಾಣ ಗಂಟೆಗೆ ಕಿಲೋದಲ್ಲಿರುತ್ತದೆ, ಸಾಫ್ಟ್‌ವೇರ್ ಕೇಳುವುದು ಸೆಕೆಂಡಿಗೆ ಗ್ರಾಂ. 3.6ರಿಂದ ಭಾಗಿಸಲು ಮರೆತರೆ ಉತ್ತರ 3.6 ಪಟ್ಟು ಹೆಚ್ಚು ಬರುತ್ತದೆ. ಒಲೆ ಮುಂದೆ ನಿಂತು ಫೋನ್ ಹಿಡಿದಾಗ ಇಂಥದ್ದು ಮರೆಯುವುದು ಬಹಳ ಸುಲಭ. ಆಗ ವರದಿಯ ಕೆಳಗಿರುವುದು ನಿಮ್ಮ ಹೆಸರು, ಕೈಯಲ್ಲಿ ಒಂದು ಮೇಲ್ ಕೂಡ ಇರುವುದಿಲ್ಲ. ಹೀಗೆ ಬರೆದು ಕಳಿಸಿ: ‘ಸರ್, ಎತ್ತರ ಬದಲಾದರೆ ಅರ್ಧ ದಿನದ ಕೆಲಸ, 3,000 ರೂಪಾಯಿ. ಹೊಸ ಅಂಕಿಗಳನ್ನು ಮೇಲ್‌ನಲ್ಲಿ ಕಳಿಸಿದರೆ ಗುರುವಾರ ಕೊಡುತ್ತೇನೆ.’ ನಿಮ್ಮದೇ ತಪ್ಪು ಸಿಕ್ಕರೆ ಮಾತ್ರ ಬಿಟ್ಟಿ ತಿದ್ದಿಕೊಡಿ. ಇಷ್ಟಕ್ಕೇ ಮುನಿಯುವವರು ಮುಂದಿನ ಕೆಲಸವನ್ನೂ ಬಿಟ್ಟಿಯೇ ಕೇಳುತ್ತಿದ್ದರು ಅಂದುಕೊಳ್ಳಿ.

ಅಂದಹಾಗೆ, ಜೂನ್ ಬಿಲ್ಲಿನ ದುಡ್ಡು ಬಂದಿದೆಯೇ? ನೀವು ಬರೆದಿಲ್ಲ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಶುಲ್ಕವಿಲ್ಲ. ಆಮೇಲಿನ ಕೆಲಸಗಳಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ.

ಬಿಡುವಿನಲ್ಲಿ ಮಾಡುವ ಕೆಲಸವೂ ಇದೆ. ಸೆಪ್ಟೆಂಬರ್ 30ರೊಳಗೆ ಕಾರ್ಖಾನೆಗಳು ಮಾಲಿನ್ಯ ನಿಯಂತ್ರಣ ಮಂಡಳಿಗೆ ಫಾರ್ಮ್ 5 ಕೊಡಬೇಕು: ಮಾರ್ಚ್‌ಗೆ ಮುಗಿದ ವರ್ಷದ ನೀರು, ಕಚ್ಚಾಮಾಲು, ಹೊರಬಿಟ್ಟ ಮಾಲಿನ್ಯ, ಹಿಂದಿನ ವರ್ಷದ ಜೊತೆ ಹೋಲಿಸಿ. ನಿಮ್ಮ ಪುಣೆ ಸುತ್ತಲಿನ ಚಾಕಣ, ಕುರಕುಂಭದ ಎಷ್ಟೋ ಕಾರ್ಖಾನೆಗಳಲ್ಲಿ ಇದು ಹನ್ನೆರಡು ಎಕ್ಸೆಲ್ ಫೈಲುಗಳಲ್ಲಿ ಚದುರಿರುತ್ತದೆ. ಅವನ್ನು ಕೂಡಿಸಿ ಫಾರ್ಮಿನ ಅಂಕಿ ತೆಗೆಯುವ ಸಣ್ಣ ಸ್ಕ್ರಿಪ್ಟ್ ಒಂದು ಸಲ ಬರೆದಿಟ್ಟರೆ ಪ್ರತಿ ಮಳೆಗಾಲಕ್ಕೂ ನಾಲ್ಕಾರು ದಿನದ ಬಿಲ್ ಆಗುತ್ತದೆ.

ಅತ್ತೆಯವರಿಗೆ ‘ಪ್ರಾಜೆಕ್ಟ್ ಗ್ಯಾಪ್’ ಎಂದು ಹೇಳಿ ಪ್ರಯೋಜನವಿಲ್ಲ. ಎರೆಹೊಲದ ಸೀಮೆಯವರು, ಅವರ ಮಾತಲ್ಲೇ ಹೇಳಿ: ‘ಅತ್ತಿ, ಹಿಂಗಾರಿ ಬಿತ್ತಿಗಿಗೆ ಹೊಲ ಹರಗಾಕತ್ತೀನಿ.’ ಹೊಲ ಹರಗಿ ಬಿತ್ತನೆಗೆ ಹದ ಮಾಡುವವನನ್ನು ಗ್ಯಾಸ್ ತರಲು ಯಾರೂ ಕಳಿಸುವುದಿಲ್ಲ. ಮಾತಿನ ಜೊತೆ ಹತ್ತರಿಂದ ಎರಡರವರೆಗೆ ಬಾಗಿಲು ಹಾಕಿಕೊಳ್ಳಿ, ಎರಡಕ್ಕೆ ತಪ್ಪದೆ ತೆರೆಯಿರಿ. ಗ್ಯಾಸು, ಬ್ಯಾಂಕು ನಿಮ್ಮ ಯಜಮಾನರ ಫೋನಿನಿಂದಲೂ ಆಗುತ್ತವೆ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲವಲ್ಲ!

ಹಿಂಜವಡಿಯ ವಿಷಯ. ಕೈಯಲ್ಲಿ ಮೂರು ತಿಂಗಳ ಮನೆಖರ್ಚೂ ಇಲ್ಲ, ಫ್ಲ್ಯಾಟಿನ ಕಂತು ಬೇರೆ ಇದೆ ಎಂದರೆ ಸಂಕೋಚವಿಲ್ಲದೆ ಸೇರಿ. ಆರು ತಿಂಗಳದ್ದು ಇದ್ದರೆ ಆಗಸ್ಟ್‌ನಲ್ಲಿ ನಿರ್ಧರಿಸಬೇಡಿ, ಅಕ್ಟೋಬರ್ ಕೊನೆಯವರೆಗೆ ಗಡುವು ಕೇಳಿ. ಅಷ್ಟರಲ್ಲಿ ಸಹಿಯಾದ ಕೆಲಸ 40 ದಿನದಷ್ಟಾದರೂ ಇರದಿದ್ದರೆ ಹೋಗಿ. ಸೇರುವ ಮುನ್ನ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸಕ್ಕೆ ನಿಷೇಧ ಇದೆಯೇ ಓದಿ, ನೀವು ಈಗಾಗಲೇ ಬರೆದಿರುವ ಸ್ಕ್ರಿಪ್ಟುಗಳು ನಿಮ್ಮವೇ ಎಂದು ಪಟ್ಟಿ ಸಮೇತ ಬರೆಸಿಕೊಳ್ಳಿ.